ಬಿಡಿಸಬೇಡಿ, ಕಟ್ಟು ಹಾಗೇ ಇರಲಿ

ಮಧುಗಿರಿಯ ಓದುಗರೊಬ್ಬರ ಪತ್ರ: 'ನಮ್ಮ ಮನೆಯಲ್ಲಿ ಮುತ್ತಾತನ ಕಾಲದ, ಚಿತ್ರಗಳಿರುವ ಕೈಬರಹದ ಭಾಗವತ ಇದೆ. ಅಮ್ಮ ನವರಾತ್ರಿಯಲ್ಲಿ ಅದನ್ನು ತೆಗೆದು, ಕುಂಕುಮ ಇಟ್ಟು, ನಾಲ್ಕು ಪುಟ ಓದಿಸುತ್ತಾರೆ. ಮುಟ್ಟಿ ಮುಟ್ಟಿ ಕೃಷ್ಣನ ಮುಖವೇ ಮಾಸಿದೆ. ಚೆನ್ನಾಗಿರುವ ಐದು ಹಾಳೆ ಬಿಡಿಸಿ ಫ್ರೇಮ್ ಹಾಕಿಸೋಣ ಅನ್ನುತ್ತಾನೆ ಮಗ. ಏನು ಮಾಡಲಿ?'

ಮಗನ ಕಾಳಜಿ ಸುಳ್ಳಲ್ಲ. ಕುಂಕುಮ, ಎಣ್ಣೆ ಕೈ ಕಾಗದಕ್ಕೆ ಒಳ್ಳೆಯದಲ್ಲ. ಕುಂಕುಮ ಮೇಲಿನ ಬಟ್ಟೆಗೆ ಇಡಿ ಅಂತ ಅಮ್ಮನಿಗೆ ಹೇಳಿ. ಮಿಕ್ಕಿದ್ದರಲ್ಲಿ ನಾನು ಪೂರ್ತಿ ಅಮ್ಮನ ಕಡೆ.

ಇಂಥ ಪುಸ್ತಕವನ್ನು ಗೋಡೆಗೆ ಅಂತ ಯಾರೂ ಬರೆಸಲಿಲ್ಲ ಸ್ವಾಮಿ. ಗುಜರಾತಿನ ಜೈನ ವರ್ತಕರು ಚಿನ್ನ, ನೀಲಿ ಬಣ್ಣ ಸುರಿದು ತೀರ್ಥಂಕರರ ಕಥೆಯ ಕಲ್ಪಸೂತ್ರ ಬರೆಸಿ ಮುನಿಗಳಿಗೆ ಕೊಟ್ಟರು, ಪುಣ್ಯಕ್ಕೆ. ಪರ್ಯೂಷಣ ಹಬ್ಬದಲ್ಲಿ ಅದನ್ನು ಓದುತ್ತಾರೆ, ಚಿತ್ರವನ್ನು ಕೂತವರಿಗೆ ತೋರಿಸುತ್ತಾರೆ. ಬಂಗಾಳ-ಬಿಹಾರ ಆಳಿದ ಪಾಲ ಅರಸರ ಕಾಲದ, ಪ್ರಜ್ಞಾಪಾರಮಿತಾ ಎಂಬ ಬೌದ್ಧ ಗ್ರಂಥದ ಓಲೆಗಳಲ್ಲಂತೂ ಚಿತ್ರಕ್ಕೂ ಪಕ್ಕದ ಅಕ್ಷರಕ್ಕೂ ಸಾಮಾನ್ಯವಾಗಿ ಸಂಬಂಧವೇ ಇಲ್ಲ. ಬುದ್ಧನ ಬದುಕಿನ ಘಟನೆಗಳ, ದೇವತೆಗಳ ಆ ಚಿತ್ರಗಳು ಪುಸ್ತಕಕ್ಕೇ ಕಾವಲು. ಕೆಲವು ಕಟ್ಟುಗಳ ಮೇಲುಹಲಗೆಯ ಮೇಲೆ ಗಂಧ, ಸಿಂಧೂರ ಪದರುಪದರಾಗಿ ಗಟ್ಟಿಯಾಗಿವೆ. ಅಷ್ಟು ತಲೆಮಾರು ಪೂಜೆಯಾಗಿದೆ ಅಂತ ಅರ್ಥ. ನೇಪಾಳದ ಪಾಟನ್‌ನಲ್ಲಿ ಚಿನ್ನದಕ್ಷರದ ಪ್ರಜ್ಞಾಪಾರಮಿತೆಯನ್ನು ಭಕ್ತರ ಕೋರಿಕೆಗೆ ಈಗಲೂ ಓದುತ್ತಾರೆ.

'ಪೂಜೆಗಿಟ್ಟರೆ ಓದುವುದು ಯಾವಾಗ?' ಅಂತ ನಿಮ್ಮ ಮಗ ಕೇಳಬಹುದು. ಮೂಡುಬಿದಿರೆಯಲ್ಲಿರುವ, ಧವಲಾ ಎಂಬ ಜೈನ ಗ್ರಂಥದ ಓಲೆಗಳು ಹೊಯ್ಸಳರ ಕಾಲದವು, ಬಣ್ಣದ ಚಿತ್ರಗಳಿವೆ. ಬಹಳ ಕಾಲ ಅವು ಬರೀ ದರ್ಶನಕ್ಕೆ ಇದ್ದವು, ಅಚ್ಚಾಗಲು ಶುರುವಾಗಿದ್ದೇ 1939ರಲ್ಲಿ. ತಡವಾಯಿತು, ಒಪ್ಪಿದೆ. ಆದರೆ ದೇವರಂತೆ ಕಾಯ್ದಿದ್ದಕ್ಕೆ ತಾನೇ ಅಚ್ಚು ಹಾಕೋಕೆ ಏನಾದರೂ ಉಳಿದಿತ್ತು?

ಬಿಡಿಸಿದ ಹಾಳೆಯ ಗತಿ ಹೇಳುತ್ತೇನೆ. ತುಮಕೂರಿನ ಹೊಸ ಮನೆಯೊಂದರ ಗೃಹಪ್ರವೇಶ. ಸೋಫಾದ ಹಿಂದೆ ಗಾಜಿನೊಳಗೆ ಒಂದೇ ಒಂದು ತಾಳೆಗರಿ. ದಾರ ಪೋಣಿಸುವ ತೂತಿದೆ, ದಾರವಿಲ್ಲ. ಹತ್ತಿರ ಹೋಗಿ ನೋಡಿದರೆ ಅಕ್ಷರವೆಲ್ಲ ತಲೆಕೆಳಗು! ಬಂದವರೆಲ್ಲ 'ಸೂಪರ್' ಅಂದು ಊಟಕ್ಕೆ ಹೋದರು. ಮನೆಯವರಿಗೂ ಗೊತ್ತಿಲ್ಲ, ತಂದುಕೊಟ್ಟವನಿಗೂ ಗೊತ್ತಿಲ್ಲ. ವ್ಯಾಪಾರಿಗಳು ಎಷ್ಟೋ ಕಲ್ಪಸೂತ್ರಗಳನ್ನು ಹೀಗೇ ಹಾಳೆಹಾಳೆ ಮಾಡಿ ದೇಶದೇಶಕ್ಕೆ ಮಾರಿದ್ದಾರೆ. ಅಂದಹಾಗೆ, 1972ರ ಪುರಾತನ ವಸ್ತು ಕಾಯ್ದೆಯ ಪ್ರಕಾರ, ಮಹತ್ವದ ಹಸ್ತಪ್ರತಿಗೆ 75 ವರ್ಷವಾದರೆ ಅದು ಪುರಾತನ ವಸ್ತು. ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ. ಹಾಳೆ ಕೊಳ್ಳಲು ಮನೆಬಾಗಿಲಿಗೆ ಬರುವವನನ್ನು ಮೊದಲು ಲೈಸೆನ್ಸ್ ಕೇಳಿ.

ಅಮ್ಮನ ಪಕ್ಕ ಮಗನನ್ನು ಕೂರಿಸಿ, ಓದೋದು ಕಲಿಯಲಿ. ಅವನು ಹಾಳೆ ಎಣಿಸಿದ್ದಾನೆ, ಒಂದು ಸಾಲು ಓದಿದ್ದಾನಾ? ಅವನೊಬ್ಬನ ತಪ್ಪೂ ಅಲ್ಲ ಬಿಡಿ. ಈಗ ಮನೆ ಪ್ಲಾನಿನಲ್ಲಿ ಟಿವಿಗೆ ಒಂದು ಗೋಡೆ, ಶೂಗೆ ಒಂದು ಕಪಾಟು ಇರುತ್ತದೆ. ಪುಸ್ತಕಕ್ಕೆ ಒಂದು ಗೂಡೂ ಇಲ್ಲ. ಗೋಡೆಗೆ ಚಿತ್ರ ಬೇಕೇ ಬೇಕು ಅಂದರೆ ಫೋಟೊ ತೆಗೆದು ದೊಡ್ಡದಾಗಿ ಪ್ರಿಂಟ್ ಹಾಕಿಸಲಿ. ಬಿ.ಎಚ್. ರಸ್ತೆಯ ಪುಢಾರಿಗಳ ಬರ್ತ್‌ಡೇ ಫ್ಲೆಕ್ಸ್ ನೋಡಿದರೆ, ನಮ್ಮೂರಲ್ಲಿ ಪ್ರಿಂಟ್ ಹಾಕುವವರಿಗಂತೂ ಬರ ಇಲ್ಲ.