ಕ್ಲಾಸು ವಾರಕ್ಕೊಂದು, ಮನೆಯ ದಿನ ಆರು

ಪಿಯಾನೊ, ಕೀಬೋರ್ಡ್ ಕಲಿಸುವವರೂ ಕಲಿಯುವ ಮಕ್ಕಳ ಮನೆಯವರೂ ಕಳಿಸಿದ ಪ್ರಶ್ನೆಗಳಲ್ಲಿ ಐದಕ್ಕೆ ಈ ಸಲ ಉತ್ತರ.

ಪ್ರಶ್ನೆ: ಮನೆಯ ಚಾವಡಿಯಲ್ಲೇ ಹದಿನಾಲ್ಕು ಮಕ್ಕಳಿಗೆ ಹೇಳಿಕೊಡುತ್ತಿದ್ದೇನೆ. ಎಲ್ಲರೂ ಎಂಟರಿಂದ ಹನ್ನೊಂದು ವರ್ಷದವರು. ಮೊದಲ ಮೂರು ತಿಂಗಳು ಹುರುಪಿನಿಂದ ಬರುತ್ತಾರೆ, ಆಮೇಲೆ ಮನೆಯಲ್ಲಿ ಕೀಬೋರ್ಡ್ ಮುಟ್ಟುವುದೇ ಇಲ್ಲ. ಸ್ಟಿಕ್ಕರ್, ಚಾಕಲೇಟು ಎಲ್ಲ ಕೊಟ್ಟು ನೋಡಿದೆ. — ಟೀಚರ್, ಉಪ್ಪಳ

ಉತ್ತರ: ಮೂರನೇ ತಿಂಗಳು ಎಂದಿರಿ. ಕಾರಣ ಅಲ್ಲೇ ಇದೆ. ಎರಡೂ ಕೈ ಒಟ್ಟಿಗೆ ನುಡಿಸುವ ಪಾಠ ಶುರುವಾಗುವುದು ಹೆಚ್ಚುಕಡಿಮೆ ಆಗಲೇ. ಕ್ಲಾಸಿನಲ್ಲಿ ನೀವು ಪಕ್ಕದಲ್ಲಿ ಕೂತು ಎಣಿಸುತ್ತೀರಿ, ಬೆರಳು ತೋರಿಸುತ್ತೀರಿ, ಹೇಗೋ ದಾಟುತ್ತದೆ. ಮನೆಯಲ್ಲಿ ಮಗು ಮೊದಲಿಂದ ಕೊನೆಯವರೆಗೆ ಒಂದೇ ಉಸಿರಿಗೆ ನುಡಿಸುತ್ತದೆ, ಐದನೇ ಬಾರಿನಲ್ಲಿ (ಬಾರ್ ಎಂದರೆ ಸ್ವರಲಿಪಿಯಲ್ಲಿ ಎರಡು ಅಡ್ಡಗೆರೆಗಳ ನಡುವಿನ ತುಂಡು) ಎಡವುತ್ತದೆ, ಮತ್ತೆ ಮೊದಲಿಂದ ಶುರುಮಾಡುತ್ತದೆ. ಹತ್ತು ಸಲ ಹೀಗಾದರೆ ಕಲಿತದ್ದು ಆ ತಪ್ಪನ್ನೇ. ನಾಲ್ಕನೇ ದಿನ ಅದಕ್ಕೆ ಕೀಬೋರ್ಡ್ ಬೇಡವಾಗುತ್ತದೆ. ಇದು ಸೋಮಾರಿತನ ಅಲ್ಲ. ಮನೆಯಲ್ಲಿ ಏನು ಮಾಡಬೇಕೆಂದು ಅದಕ್ಕೆ ಯಾರೂ ಕಲಿಸಿಲ್ಲ, ಅಷ್ಟೆ.

ಆದ್ದರಿಂದ 45 ನಿಮಿಷದ ಪಾಠದಲ್ಲಿ ಕೊನೆಯ ಹತ್ತು ನಿಮಿಷವನ್ನು ಮನೆಯ ಅಭ್ಯಾಸಕ್ಕೇ ತೆಗೆದಿಡಿ. ನೀವು ಕುರ್ಚಿ ಹಿಂದಕ್ಕೆ ಸರಿಸಿ ಸುಮ್ಮನೆ ಕೂರಬೇಕು. ಮಗು ಮನೆಯಲ್ಲಿದ್ದಂತೆ ತಾನೇ ಪುಸ್ತಕ ತೆರೆದು, ಬರೆದುಕೊಂಡದ್ದನ್ನು ಓದಿ, ಅಭ್ಯಾಸ ಮಾಡಿ ತೋರಿಸಬೇಕು. ನಿಮ್ಮೆದುರು ಆಗದ್ದು ಮನೆಯಲ್ಲಿ ಖಂಡಿತ ಆಗದು. ಆಗ ಪಾಠವನ್ನು ಇನ್ನೂ ಸಣ್ಣದು ಮಾಡಿ.

ನೋಟ್‌ಬುಕ್ಕಿನಲ್ಲಿ ವಾರಕ್ಕೆ ಮೂರೇ ಸಾಲು. ‘12ನೇ ಪುಟ ಅಭ್ಯಾಸ ಮಾಡು’ ಎಂದು ಬರೆದರೆ ಏನೂ ಬರೆಯದಂತೆಯೇ. ಹೀಗೆ ಬರೆಯಿರಿ: ‘5 ಮತ್ತು 6ನೇ ಬಾರ್, ಎಡಗೈ ಮಾತ್ರ, ಮೆಟ್ರೊನೋಮ್ 60, ಸಾಲಾಗಿ ಮೂರು ಸಲ ಸರಿ ಬರಬೇಕು. ಮತ್ತೆ ಬಲಗೈ. ಆಮೇಲೆ ಎರಡೂ ಕೈ, ಮೆಟ್ರೊನೋಮ್ 50.’ ಮೆಟ್ರೊನೋಮ್ ಎಂದರೆ ನಿಮಿಷಕ್ಕೆ ಇಷ್ಟು ಬಡಿತವೆಂದು ಲಯ ಎಣಿಸಿಕೊಡುವ ಸಾಧನ. ಎರಡು ಸಲ ಸರಿಯಾಗಿ ಮೂರನೆಯದು ತಪ್ಪಿದರೆ ಎಣಿಕೆ ಸೊನ್ನೆಗೆ ಬರುತ್ತದೆ. ಮಕ್ಕಳಿಗೆ ಇದು ಆಟದಂತೆ ಹಿಡಿಸುತ್ತದೆ. ಮೂರು ಸಲ ಆದ ಮೇಲೆ ವೇಗ ನಾಲ್ಕು ಹೆಚ್ಚಿಸಬಹುದು. ಎಂಟು ವರ್ಷದ ಮಗುವಿಗೆ ದಿನಕ್ಕೆ 15 ನಿಮಿಷ, ವಾರಕ್ಕೆ ಐದು ದಿನ ಸಾಕು. ಭಾನುವಾರ ಒಂದೇ ಸಲ ಕೂತು ಮಾಡುವ ಒಂದೂಕಾಲು ಗಂಟೆ ಇದಕ್ಕೆ ಸಮವಲ್ಲ.

ಹೊತ್ತನ್ನು ಗಡಿಯಾರಕ್ಕಿಂತ ಮನೆಯ ರೂಢಿಗೆ ಕಟ್ಟಿ. ಕೆಲವರಿಗೆ ಸಂಜೆ ಕೈಕಾಲು ತೊಳೆದು ದೀಪ ಹಚ್ಚುವ ಮೊದಲು, ಬೆಳಗ್ಗೆ ಮದ್ರಸಕ್ಕೆ ಹೋಗುವ ಮಕ್ಕಳಿಗೆ ಶಾಲೆಯಿಂದ ಬಂದು ಚಾ ಕುಡಿದ ಕೂಡಲೇ. ಕೀಬೋರ್ಡ್ ಕಪಾಟಿನ ಮೇಲೆ ಪೆಟ್ಟಿಗೆಯೊಳಗಿದ್ದರೆ ಯಾವ ಹುರುಪೂ ಉಳಿಯದು. ಅದು ಸ್ಟ್ಯಾಂಡಿನ ಮೇಲೆ ತಯಾರಾಗಿರಬೇಕು. ಹೆಚ್ಚಿನ ಮನೆಗಳಲ್ಲಿ ಅದನ್ನು ಊಟದ ಮೇಜಿನ ಮೇಲೆ ಇಡುತ್ತಾರೆ. ಮೇಜು 75 ಸೆಂಟಿಮೀಟರ್, ಕೀಬೋರ್ಡಿನ ದಪ್ಪ ಇನ್ನೊಂದು ಹತ್ತು. ಮಗುವಿನ ಭುಜ ಮೇಲೇರಿ, ಮಣಿಕಟ್ಟು ಮಡಚಿ, ಐದು ನಿಮಿಷದಲ್ಲಿ ಕೈ ನೋಯುತ್ತದೆ. ಕೀಲಿಯ ಮೇಲ್ಭಾಗ ನೆಲದಿಂದ 72 ಸೆಂಟಿಮೀಟರ್ ಆಸುಪಾಸಿನಲ್ಲಿರಲಿ, ಮೊಣಕೈ ಕೀಲಿಯ ಮಟ್ಟಕ್ಕೆ ಬರುವಷ್ಟು ಆಸನ ಎತ್ತರಿಸಿ, ನೇತಾಡುವ ಕಾಲಿನ ಕೆಳಗೆ ಮಣೆ ಇಡಿ. ಮೊದಲ ವರ್ಷಕ್ಕೆ 61 ಕೀಲಿ ಸಾಕು, ಆದರೆ ಒತ್ತಿದ ಜೋರಿಗೆ ತಕ್ಕಂತೆ ಸದ್ದು ಬದಲಾಗುವ ಮಾದರಿಯೇ ಆಗಬೇಕು.

ಇನ್ನು ಸ್ಟಿಕ್ಕರ್. 1973ರಲ್ಲಿ ಅಮೆರಿಕದಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಮನಶ್ಶಾಸ್ತ್ರಜ್ಞರು, ಚಿತ್ರ ಬಿಡಿಸಲು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಬಹುಮಾನ ಕೊಡುತ್ತೇವೆಂದು ಮೊದಲೇ ಹೇಳಿ ಬಿಡಿಸಿದ ಮಕ್ಕಳು ಆಮೇಲೆ ತಾವಾಗಿ ಚಿತ್ರ ಬಿಡಿಸುವುದು ಕಡಿಮೆಯಾಯಿತು. ಹೇಳದೆ ಕೊಟ್ಟವರಲ್ಲಿ ಹಾಗಾಗಲಿಲ್ಲ. ಆದ್ದರಿಂದ ‘ಐದು ದಿನ ಮಾಡಿದರೆ ಚಾಕಲೇಟು’ ಎಂಬ ಕರಾರು ಬೇಡ. ‘ಭಾರೀ ಚಂದ’ ಎನ್ನುವುದಕ್ಕಿಂತ ‘ಆರನೇ ಬಾರಿನಲ್ಲಿ ಹೆಬ್ಬೆರಳು ಈ ಸಲ ಸದ್ದಿಲ್ಲದೆ ದಾಟಿತು’ ಎನ್ನಿ, ಮಗುವಿಗೆ ತಾನು ಮಾಡಿದ್ದೇನೆಂದು ತಿಳಿಯುತ್ತದೆ. ಮೂರು ಪಾಠಗಳಲ್ಲಿ ಒಂದನ್ನು ಅದೇ ಆರಿಸಲಿ. ಎರಡು ತಿಂಗಳಿಗೊಮ್ಮೆ ಆರೇಳು ಮಕ್ಕಳನ್ನು ಚಾವಡಿಯಲ್ಲಿ ಕೂರಿಸಿ, ಅಜ್ಜ ಅಜ್ಜಿಯರನ್ನು ಕರೆದು, ಅರ್ಧ ಗಂಟೆ ನುಡಿಸಲು ಬಿಡಿ. ಆಗ ನುಡಿಸುವುದು ಈಗಿನ ಪಾಠವಲ್ಲ, ಚೆನ್ನಾಗಿ ಕೂತ ಹಳೆಯ ಪಾಠ. ಅಲ್ಲಿ ಸ್ಪರ್ಧೆ ಮಾತ್ರ ಬೇಡವೇ ಬೇಡ.

ಪ್ರಶ್ನೆ: ಭಜನೆಗೆ ಹಾರ್ಮೋನಿಯಂ ನುಡಿಸುವ ಹದಿಮೂರರ ಹುಡುಗ ಪಿಯಾನೊ ಕಲಿಯಲು ಬಂದಿದ್ದಾನೆ. ಸ್ವರಜ್ಞಾನ ಚೆನ್ನಾಗಿದೆ, ಆದರೂ ಆರಂಭದ ಪುಸ್ತಕದಲ್ಲೇ ಒದ್ದಾಡುತ್ತಾನೆ. — ಬದಿಯಡ್ಕ

ಉತ್ತರ: ಅವನ ಬಲಗೈ ನಾಲ್ಕು ವರ್ಷ ಮುಂದಿದೆ, ಎಡಗೈ ಇವತ್ತಷ್ಟೇ ಹುಟ್ಟಿದೆ. ಹಾರ್ಮೋನಿಯಮ್ಮಿನಲ್ಲಿ ಎಡಗೈಯ ಕೆಲಸ ತಿದಿ ಒತ್ತುವುದು ತಾನೇ? ಎರಡೂ ಕೈಗೆ ಒಂದೇ ಪುಸ್ತಕ ಕೊಟ್ಟರೆ ಬಲಗೈಗೆ ಬೇಸರ, ಎಡಗೈಗೆ ಭಾರ. ಬಲಗೈಯಲ್ಲಿ ಅವನಿಗೆ ಗೊತ್ತಿರುವ ಮೋಹನ ಅಥವಾ ಹಂಸಧ್ವನಿಯ ಭಜನೆ ಇರಲಿ, ಎಡಗೈಯಲ್ಲಿ ಸ ಮತ್ತು ಪ ಮಾತ್ರ, ಶ್ರುತಿಯಂತೆ. ಅದು ಕೂತ ಮೇಲೆ ಕರ್ನಾಟಕ ಸಂಗೀತದ ಮೊದಲ ಪಾಠವಾದ ಸರಳೆ ವರಸೆಯನ್ನು ಎಡಗೈಯಲ್ಲೇ ಒಂದನೇ ಕಾಲದಲ್ಲಿ, ಅಂದರೆ ನಿಧಾನವಾಗಿ, ಮಾಡಿಸಿ. ಸಿ ಯಿಂದ ಶುರುಮಾಡಿದರೆ ಅದರ ರಾಗವಾದ ಮಾಯಾಮಾಳವಗೌಳ ಸಿ, ಡಿ ಫ್ಲ್ಯಾಟ್, ಇ, ಎಫ್, ಜಿ, ಎ ಫ್ಲ್ಯಾಟ್, ಬಿ ಆಗುತ್ತದೆ.

ಎರಡನೆಯ ತೊಡಕು ಹೆಸರಿನದ್ದು. ಅವನ ಸ ಓಡಾಡುತ್ತದೆ: ಬಿಳಿ ಒಂದರ ಶ್ರುತಿಯಲ್ಲಿ ಹಾಡುವಾಗ ಸಿ, ಕಪ್ಪು ಒಂದಾದರೆ ಸಿ ಶಾರ್ಪ್, ಬಿಳಿ ನಾಲ್ಕಾದರೆ ಎಫ್. ಸಿ ಯನ್ನು ಯಾವಾಗಲೂ ಸ ಎಂದು ಕರೆಯಿಸಿದರೆ ಇಷ್ಟು ವರ್ಷದ ಅವನ ಕಿವಿಯನ್ನೇ ಕೆಡಿಸಿದಂತೆ. ಸಿ, ಡಿ, ಇ ಜಾಗದ ಹೆಸರು, ಸ, ರಿ, ಗ ಸಂಬಂಧದ ಹೆಸರು ಎಂದು ಬಿಡಿಸಿ ಹೇಳಿ. ಒಬ್ಬರೇ ಒಬ್ಬನಿಗೆ ಅಣ್ಣ, ಇನ್ನೊಬ್ಬನಿಗೆ ಮಾವ ಆದಂತೆ. ಟ್ರಾನ್ಸ್‌ಪೋಸ್ ಬಟನ್ (ಅದೇ ಕೀಲಿಗೆ ಬೇರೆ ಸ್ವರ ಬರಿಸುವುದು) ಮುಟ್ಟಲು ಬಿಡಬೇಡಿ. ಕಣ್ಣು ಒಂದು ಸ್ವರ ಓದಿ ಕಿವಿ ಇನ್ನೊಂದು ಕೇಳಿದರೆ ಓದು ಎಂದೂ ಕೂರುವುದಿಲ್ಲ. ಶಂಕರಾಭರಣ ರಾಗ ಪಾಶ್ಚಾತ್ಯ ಮೇಜರ್ ಸ್ಕೇಲಿನ ಸ್ವರಗಳೇ ಆದ್ದರಿಂದ, ಆ ರಾಗದಲ್ಲಿ ಪಾಶ್ಚಾತ್ಯ ಧಾಟಿಗಳಿಗೆ ಕಟ್ಟಿದ ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳು ಇಂಥ ಹುಡುಗನಿಗೆ ಹೇಳಿ ಮಾಡಿಸಿದಂತಿವೆ. ತೋಡಿಯಂಥ ಗಮಕದ ರಾಗಗಳನ್ನು ಪಿಯಾನೊಕ್ಕೆ ತರಲು ಹೋಗಬೇಡಿ, ಕೀಲಿಗಳ ನಡುವೆ ಜಾರಲು ಅಲ್ಲಿ ದಾರಿಯಿಲ್ಲ.

ಪ್ರಶ್ನೆ: ಮಳೆ, ಜಾತ್ರೆ, ಪರೀಕ್ಷೆ ಎಂದು ಕ್ಲಾಸು ತಪ್ಪಿಸುತ್ತಾರೆ, ತಿಂಗಳ ಕೊನೆಗೆ ಫೀಸಿನಲ್ಲಿ ಮುರಿದುಕೊಂಡು ಕೊಡುತ್ತಾರೆ. — ಕುಂಬಳೆ

ಉತ್ತರ: ಕ್ಲಾಸಿನ ಲೆಕ್ಕದಲ್ಲಿ ಫೀಸು ಕೇಳುವವರೆಗೆ ಇದು ನಿಲ್ಲದು. ವರ್ಷದ ಲೆಕ್ಕ ಹಾಕಿ. 52 ವಾರಗಳಲ್ಲಿ ಓಣಂ, ಕ್ರಿಸ್ಮಸ್, ಮಾರ್ಚಿನ ಪರೀಕ್ಷೆ, ಬೇಸಗೆ ರಜೆ ಎಂದು ಎಂಟು ವಾರ ಕಳೆದರೆ 44 ಪಾಠ. ಪಾಠಕ್ಕೆ 300 ರೂಪಾಯಿ ಹಿಡಿದರೆ 13,200, ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 1,100. ಐದು ವಾರದ ತಿಂಗಳಿಗೂ ಅಷ್ಟೇ, ಓಣಂ ತಿಂಗಳಿಗೂ ಅಷ್ಟೇ, 5ನೇ ತಾರೀಕಿನೊಳಗೆ ಮುಂಗಡ. ತಪ್ಪಿದ ಪಾಠಗಳಿಗೆಂದು ವರ್ಷದಲ್ಲಿ ಎರಡು ವಾರ ಬೇರೆ ತೆಗೆದಿಡಿ, ಅದರಾಚೆ ಬದಲಿ ಪಾಠ ಇಲ್ಲ. ಬಿಡುವುದಿದ್ದರೆ ಒಂದು ತಿಂಗಳು ಮೊದಲೇ ತಿಳಿಸಬೇಕು. ಇಷ್ಟನ್ನು ಒಂದೇ ಪುಟದಲ್ಲಿ ಕನ್ನಡದಲ್ಲೂ ಮಲಯಾಳದಲ್ಲೂ ಬರೆದು, ಸೇರುವ ದಿನವೇ ಸಹಿ ಮಾಡಿಸಿಕೊಳ್ಳಿ. ಹಳಬರಿಗೆ ಜೂನಿನಿಂದ ಜಾರಿ ಎಂದು ಏಪ್ರಿಲಿನಲ್ಲೇ ಹೇಳಿ.

ಮಳೆಗೆ ಜಿಲ್ಲಾಧಿಕಾರಿ ರಜೆ ಸಾರಿದ ದಿನ ಫೋನಿನಲ್ಲಿ 25 ನಿಮಿಷದ ಪಾಠ ಮಾಡಬಹುದು. ಫೋನನ್ನು ಎದುರಿಗಿಟ್ಟರೆ ಮುಖ ಮಾತ್ರ ಕಾಣುತ್ತದೆ, ಬದಿಯಲ್ಲಿ ಕೀಲಿಯ ಮಟ್ಟಕ್ಕಿಂತ ಸ್ವಲ್ಪ ಮೇಲೆ ಇಡಿಸಿ. ಗುಡುಗು ಸಿಡಿಲು ಇದ್ದರೆ ಅದೂ ಬೇಡ, ಅಡಾಪ್ಟರನ್ನು ಗೋಡೆಯಿಂದಲೇ ಕಳಚಿಡಲು ಹೇಳಿ.

ಪ್ರಶ್ನೆ: ಮಗಳಿಗೆ ಪ್ರತಿ ವರ್ಷ ಗ್ರೇಡ್ ಪರೀಕ್ಷೆ ಕಟ್ಟಿಸಲೇಬೇಕೆ? — ತಾಯಿ, ಹೊಸೂರು

ಉತ್ತರ: ಇಲ್ಲ. ಟ್ರಿನಿಟಿ, ಎಬಿಆರ್‌ಎಸ್‌ಎಂ ಎರಡೂ ಈ ಪರೀಕ್ಷೆ ನಡೆಸುವ ಬ್ರಿಟನ್ನಿನ ಸಂಸ್ಥೆಗಳು. ಟ್ರಿನಿಟಿಯಲ್ಲಿ ನೂರಕ್ಕೆ 60 ಬಂದರೆ ಪಾಸು, 87 ಡಿಸ್ಟಿಂಕ್ಷನ್. ಎಬಿಆರ್‌ಎಸ್‌ಎಂನಲ್ಲಿ 150ಕ್ಕೆ 100 ಮತ್ತು 130. ಎರಡರಲ್ಲೂ ಪರೀಕ್ಷಕರ ಎದುರಿನ ಪರೀಕ್ಷೆಯಲ್ಲಿ ನುಡಿಸಬೇಕಾದ ಮುಖ್ಯ ಕೃತಿಗಳು ಮೂರು. ವರ್ಷವಿಡೀ ಆ ಮೂರನ್ನೇ ಉಜ್ಜಿದರೆ ಅಂಕ ಬರುತ್ತದೆ, ಹೊಸ ಪುಟ ತೆರೆದರೆ ಕೈ ಓಡುವುದಿಲ್ಲ. ಒಂದು ಗ್ರೇಡಿನಿಂದ ಇನ್ನೊಂದಕ್ಕೆ ಹೋಗುವ ಮೊದಲು ಪರೀಕ್ಷೆಗೆ ಸಂಬಂಧಿಸದ ಹನ್ನೆರಡು ಕೃತಿಗಳಾದರೂ ಆಗಲಿ. ಎಬಿಆರ್‌ಎಸ್‌ಎಂನಲ್ಲಿ ಆರನೇ ಗ್ರೇಡಿನ ಮೊದಲು ಐದನೇ ಗ್ರೇಡಿನ ಥಿಯರಿ ಅಥವಾ ಅದರ ಬದಲಿಗೆ ಅವರು ಒಪ್ಪುವ ಪರೀಕ್ಷೆ ಪಾಸಾಗಿರಬೇಕೆಂಬುದು ಗೊತ್ತಿರಲಿ.

ಪ್ರಶ್ನೆ: ಕ್ಲಾಸಿಗೆಂದು ಹಳೆಯ ಅಪ್‌ರೈಟ್ ಪಿಯಾನೊ ಕೊಂಡೆ. ಮಳೆ ಹಿಡಿದ ಮೇಲೆ ಏಳೆಂಟು ಕೀಲಿ ಒತ್ತಿದರೆ ಏಳುವುದಿಲ್ಲ, ಶ್ರುತಿಯೂ ಏರಿದೆ. — ಮಂಜೇಶ್ವರ

ಉತ್ತರ: ಮೇಲಿನ ಮುಚ್ಚಳ ತೆರೆದು ನೋಡುತ್ತ ಒತ್ತಿ. ಕೀಲಿಯೇ ಕೆಳಗೆ ಉಳಿದರೆ, ಅದರ ಕೆಳಗಿನ ಪಿನ್ನಿನ ಸುತ್ತ ಇರುವ ಬಟ್ಟೆ ಮತ್ತು ಮರ ತೇವಕ್ಕೆ ಉಬ್ಬಿದೆ. ಕೀಲಿ ಎದ್ದು ಸುತ್ತಿಗೆ ಮಾತ್ರ ತಂತಿಯ ಹತ್ತಿರ ಉಳಿದರೆ, ಸುತ್ತಿಗೆಯ ಬುಡದ ಕೀಲಿನಲ್ಲಿ ಬಿಗಿ. ಎರಡನ್ನೂ ಟ್ಯೂನರ್ ಸಡಿಲಿಸುತ್ತಾರೆ. ನೀವು ಎಣ್ಣೆಯನ್ನಾಗಲಿ ಸ್ಪ್ರೇಯನ್ನಾಗಲಿ ಹಾಕಬೇಡಿ. ಬಟ್ಟೆ ಅದನ್ನು ಕುಡಿದು ಧೂಳು ಹಿಡಿದು, ಬೇಸಗೆಯಲ್ಲೂ ಅಂಟಿಕೊಂಡೇ ಇರುತ್ತದೆ. ಒಳಗೆ ಬಲ್ಬು ಉರಿಸಿಡುವ ಹಳೆಯ ಉಪಾಯವೂ ಬೇಡ. ಬೆಂಕಿಯ ಭಯ ಒಂದು, ಒಂದೇ ಕಡೆ ಒಣಗಿ ಮರ ಸೀಳುವುದು ಇನ್ನೊಂದು.

ಶ್ರುತಿ ಏರಿದ್ದು ತಂತಿಗಳ ಹಿಂದಿನ ಮರದ ಹಲಗೆಯಾದ ಸೌಂಡ್‌ಬೋರ್ಡ್ ತೇವ ಕುಡಿದು ಉಬ್ಬಿ, ತಂತಿಗಳನ್ನು ಇನ್ನಷ್ಟು ಎಳೆದಿರುವುದರಿಂದ. ಜುಲೈಯಲ್ಲಿ ಟ್ಯೂನ್ ಮಾಡಿಸಿದರೆ ಡಿಸೆಂಬರಿಗೆ ಇಳಿದುಹೋಗುತ್ತದೆ. ಮಳೆ ಪೂರ್ತಿ ಬಿಟ್ಟು ಎರಡು ಮೂರು ವಾರ ಕಳೆದ ಮೇಲೆ ಮಾಡಿಸಿ. ಅಷ್ಟರಲ್ಲಿ ತೇವಮಾಪಕ ಒಂದನ್ನು ಕೋಣೆಯಲ್ಲಿಡಿ. ಶೇ. 45ರಿಂದ 60ರೊಳಗೆ ನಿಲ್ಲಿಸಲು ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಬೇಕಾಗುತ್ತದೆ, ಅದನ್ನು ನಡೆಸುವಾಗ ಕಿಟಕಿ ಮುಚ್ಚಿರಬೇಕು. ಪಿಯಾನೊವನ್ನು ಮಳೆ ಬಡಿಯುವ ಹೊರಗೋಡೆಯಿಂದ ಒಳಗೋಡೆಗೆ ಸರಿಸಿ, ಹಿಂದೆ ಒಂದು ಗೇಣು ಜಾಗ ಬಿಡಿ. ತೂಕ 200 ಕಿಲೊಗ್ರಾಂ ದಾಟುತ್ತದೆ, ಇಬ್ಬರೇ ತಳ್ಳಲು ಹೋಗಬೇಡಿ. ಪಡುವಣದ ಕಿಟಕಿ ತೆರೆದಿಟ್ಟರೆ ಉಪ್ಪುಗಾಳಿಗೆ ತಂತಿ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ತಂತಿ ಟ್ಯೂನ್ ಮಾಡುವಾಗಲೇ ತುಂಡಾಗುವುದುಂಟು, ಹಾಗಾಗಿ ಟ್ಯೂನರನ್ನು ಕರೆಯುವಾಗಲೇ ಹಳೆಯ ಪಿಯಾನೊ, ಸಮುದ್ರದ ಬದಿ ಎಂದು ತಿಳಿಸಿಬಿಡಿ, ಬದಲಿ ತಂತಿ ಹಿಡಿದುಕೊಂಡೇ ಬರುತ್ತಾರೆ.