ಗಂಡಭೇರುಂಡ ಹೊತ್ತ ಸ್ಪಿಟ್‌ಫೈರ್‌ಗಳು: ಸಂಪಾದಕರ ಉತ್ತರ

(ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ್ದ, ದುರಸ್ತಿಯಾಗಿ ಮತ್ತೆ ಹಾರುತ್ತಿರುವ ಎರಡನೆಯ ಮಹಾಯುದ್ಧದ ವಿಮಾನಗಳ ಲೇಖನವನ್ನು ಓದಿ ತೀರ್ಥಹಳ್ಳಿಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. "ಮನುಷ್ಯರನ್ನು ಕೊಲ್ಲಲು ಮಾಡಿದ ಯಂತ್ರಗಳ ಮೇಲೆ ಇಷ್ಟೊಂದು ಮೋಹವೇಕೆ? ಅವು ನಮ್ಮನ್ನು ಆಳಿದವರ ವಿಮಾನಗಳು. ಕೋಟಿಗಟ್ಟಲೆ ಸುರಿದು, ಜೀವ ಪಣಕ್ಕಿಟ್ಟು ಹಾರಿಸುವ ಬದಲು ವಸ್ತುಸಂಗ್ರಹಾಲಯದಲ್ಲಿ ಇಡಬಾರದೇ? ಮಲೆನಾಡಿನ ಪತ್ರಿಕೆಗೆ ಇದೆಲ್ಲ ಯಾಕೆ?" ಎಂಬುದು ಅವರ ಆಕ್ಷೇಪದ ತಿರುಳು.)

ಪ್ರಿಯ ಮೇಷ್ಟ್ರೇ,

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ನಮ್ಮ ಜಿಲ್ಲೆಯಲ್ಲೇ ಕಲ್ಲಿನಲ್ಲಿ ಕೆತ್ತಿದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 11ನೆಯ ಶತಮಾನದ ಎತ್ತರದ ಕಂಬವೊಂದಿದೆ, ಅದರ ತುದಿಯಲ್ಲಿ ಗಂಡಭೇರುಂಡ. ಕೆಳದಿಯ ರಾಮೇಶ್ವರ ದೇವಾಲಯದ ಮಾಳಿಗೆಯನ್ನು ತಲೆಯೆತ್ತಿ ನೋಡಿದರೆ ಅಲ್ಲಿಯೂ ಅದೇ ಎರಡು ತಲೆಯ ಹಕ್ಕಿ. ಮೈಸೂರಿನ ಒಡೆಯರು ತಮ್ಮ ಲಾಂಛನವಾಗಿ ಇಟ್ಟುಕೊಂಡ ಈ ಹಕ್ಕಿ 1941ರಲ್ಲಿ ಇಂಗ್ಲೆಂಡಿಗೂ ಹೋಯಿತು. ಆ ವರ್ಷ ಜೂನ್‌ನಲ್ಲಿ ಬ್ರಿಟಿಷ್ ವಾಯುಪಡೆ ಕಟ್ಟಿದ 129ನೆಯ ಸ್ಕ್ವಾಡ್ರನ್ನಿಗೆ, ಅಂದರೆ ವಿಮಾನ ದಳಕ್ಕೆ, ಮೈಸೂರು ಸಂಸ್ಥಾನದ ದೇಣಿಗೆಯ ಗೌರವಾರ್ಥವಾಗಿ 'ಮೈಸೂರು' ಎಂದೇ ಹೆಸರಿಟ್ಟರು. ಅದರ ಬ್ಯಾಡ್ಜಿನ ನಡುವೆ ನಮ್ಮ ಗಂಡಭೇರುಂಡ. ಆ ಸ್ಕ್ವಾಡ್ರನ್ ಹೆಚ್ಚಾಗಿ ಹಾರಿಸಿದ್ದು ಸ್ಪಿಟ್‌ಫೈರ್ ಎಂಬ ಯುದ್ಧವಿಮಾನಗಳನ್ನು. ಅಂದಿನ ಸಂಸ್ಥಾನದ ಖಜಾನೆಗೆ ಶಿವಮೊಗ್ಗ ಜಿಲ್ಲೆಯ ಕಂದಾಯವೂ ಸೇರುತ್ತಿತ್ತು. ಹಾಗೆ ಹಣ ಕೊಡುವ ಮುನ್ನ ನಮ್ಮ ರೈತರನ್ನು ಯಾರೂ ಕೇಳಿರಲಿಲ್ಲ ಎಂದು ನೀವು ಹೇಳಿದರೆ ಅದೂ ಸರಿಯೇ. ಆದರೆ ಕೊಟ್ಟದ್ದು ನಮ್ಮ ಹಣವೆಂದ ಮೇಲೆ ಆ ಕಥೆಯನ್ನು ಹೇಳುವ ಹಕ್ಕೂ ನಮ್ಮದೇ.

ಇನ್ನು ಆಳಿದವರ ವಿಮಾನ ಎಂಬ ಮಾತು. ಸ್ವಾತಂತ್ರ್ಯ ಬಂದು ಮೂರು ತಿಂಗಳು ತುಂಬುವ ಮೊದಲೇ ಕಾಶ್ಮೀರದಲ್ಲಿ ದಾಳಿಕೋರರು ಶ್ರೀನಗರದ ಹೊಸ್ತಿಲಿಗೆ ಬಂದಿದ್ದರು. 1947ರ ನವೆಂಬರ್ 7ರ ಶಾಲಟೆಂಗ್ ಕದನದಲ್ಲಿ ನಮ್ಮ ಸೈನಿಕರಿಗೆ ಆಕಾಶದಿಂದ ಬೆಂಬಲ ಕೊಟ್ಟದ್ದು ಸ್ಪಿಟ್‌ಫೈರ್ ಮತ್ತು ಟೆಂಪೆಸ್ಟ್ ಯುದ್ಧವಿಮಾನಗಳು. ಅವುಗಳನ್ನು ಹಾರಿಸಿದವರು ಭಾರತೀಯರು. ಅದಕ್ಕೂ ಮುಂಚೆ, 1944ರಲ್ಲಿ ಜಪಾನಿಯರು ಇಂಫಾಲಕ್ಕೆ ಮುತ್ತಿಗೆ ಹಾಕಿದ ಹೊತ್ತಿನಲ್ಲಿ, ಮುಂದೆ ನಮ್ಮ ವಾಯುಪಡೆಯ ಮುಖ್ಯಸ್ಥರಾದ ಅರ್ಜನ್ ಸಿಂಗ್ ಅವರ ನೇತೃತ್ವದ ಭಾರತೀಯ ವಾಯುಪಡೆಯ ಒಂದನೆಯ ಸ್ಕ್ವಾಡ್ರನ್ ಹರಿಕೇನ್ ಎಂಬ ಯುದ್ಧವಿಮಾನಗಳಲ್ಲಿ ಹಾರಿತ್ತು. ಈ ವಿಮಾನಗಳು ಇಂಗ್ಲೆಂಡಿನಲ್ಲಿ ಹುಟ್ಟಿದವು ನಿಜ. ಆದರೆ ಅವುಗಳ ಬಾಳಿನ ಒಂದು ಅಧ್ಯಾಯ ನಮ್ಮ ನೆಲದಲ್ಲಿ ನಡೆದಿದೆ.

ಈಗ ಮೋಹದ ಮಾತಿಗೆ ಬರುತ್ತೇನೆ. ಈ ವಿಮಾನಗಳ ಅಭಿಮಾನಿಗಳನ್ನು ನೀವು ಒಮ್ಮೆ ಹತ್ತಿರದಿಂದ ಕೇಳಬೇಕು. ಅವರಲ್ಲಿ ಹೆಚ್ಚಿನವರು, ವಿಮಾನ ಎಷ್ಟು ಶತ್ರುಗಳನ್ನು ಉರುಳಿಸಿತು ಎಂಬುದಕ್ಕಿಂತ ಹೆಚ್ಚಾಗಿ ರೇಡಿಯೇಟರ್, ಕಾರ್ಬ್ಯುರೇಟರ್, ರಿವೆಟ್ಟುಗಳ ಬಗ್ಗೆ ಮಾತನಾಡುತ್ತಾರೆ. ಹರಿಕೇನ್‌ಗಳ ಮತ್ತು ಹೆಚ್ಚಿನ ಸ್ಪಿಟ್‌ಫೈರ್‌ಗಳ ಎದೆಯಲ್ಲಿ ಇದ್ದದ್ದು ರೋಲ್ಸ್ ರಾಯ್ಸ್ ಮರ್ಲಿನ್ ಎಂಜಿನ್: 27 ಲೀಟರ್, ವಿ ಆಕಾರದಲ್ಲಿ ಎರಡು ಸಾಲಾಗಿ 12 ಸಿಲಿಂಡರ್. ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಅದರೊಳಗೆ ಸೆಕೆಂಡಿಗೆ 300 ಸಲ ಇಂಧನ ಸ್ಫೋಟಿಸುತ್ತದೆ. ಹೊಗೆಕೊಳವೆಗಳು ಗೇಣುದ್ದವೂ ಇಲ್ಲದಂತಿವೆ, ಸೈಲೆನ್ಸರ್ ಎಂಬುದೇ ಇಲ್ಲ. ಪ್ರೊಪೆಲರ್ ಗೇರಿನ ಮೂಲಕ ಎಂಜಿನ್ನಿನ ಅರ್ಧ ವೇಗಕ್ಕಿಂತಲೂ ನಿಧಾನವಾಗಿ ತಿರುಗುತ್ತದೆ. ಆ ಮೂರೂ ಸೇರಿ ಹುಟ್ಟುವ ನಾದ ಬೇರೆ ಯಾವ ವಾಹನದಿಂದಲೂ ಬರುವುದಿಲ್ಲ. ನಮ್ಮ ಸೋಗಾನೆ ವಿಮಾನ ನಿಲ್ದಾಣಕ್ಕೆ 2023ರಿಂದ ಬರುತ್ತಿರುವ ಎಟಿಆರ್ ಎಂಬ ಪ್ರಯಾಣಿಕರ ವಿಮಾನಗಳಿಗೂ ಪ್ರೊಪೆಲರ್ ಇದೆ, ಆದರೆ ಅದನ್ನು ತಿರುಗಿಸುವುದು ಟರ್ಬೈನ್. ಪಿಸ್ಟನ್ ಎಂಜಿನ್ನಿನ ಗುಡುಗು ಅಲ್ಲಿಲ್ಲ.

ಈ ಎಂಜಿನ್ನಿನ ಒಂದು ಕಥೆಯನ್ನು ನೀವು ಖಂಡಿತ ಇಷ್ಟಪಡುತ್ತೀರಿ. ಪೈಲಟ್ ಮೂತಿಯನ್ನು ಥಟ್ಟನೆ ಕೆಳಗೆ ಮಾಡಿದರೆ ಮರ್ಲಿನ್ ಉಸಿರುಗಟ್ಟಿದಂತೆ ಕೆಮ್ಮುತ್ತಿತ್ತು, ಕೆಲವೊಮ್ಮೆ ನಿಂತೇ ಹೋಗುತ್ತಿತ್ತು. ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಮೇಲಕ್ಕೆ ಚಿಮ್ಮಿ ಮೊದಲು ಎಂಜಿನ್ನಿಗೆ ಸಿಗದಂತಾಗುತ್ತಿತ್ತು, ಮರುಕ್ಷಣ ಅತಿಯಾಗಿ ನುಗ್ಗುತ್ತಿತ್ತು. ಜರ್ಮನರ ಎಂಜಿನ್ನಿಗೆ ಇಂಧನವನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮಿಸುವ ವ್ಯವಸ್ಥೆ ಇದ್ದುದರಿಂದ ಅವರು ಸುಮ್ಮನೆ ಕೆಳಗೆ ಧುಮುಕಿ ತಪ್ಪಿಸಿಕೊಳ್ಳುತ್ತಿದ್ದರು. 1941ರಲ್ಲಿ ಫಾರ್ನ್‌ಬರೋದ ಸಂಶೋಧನಾಲಯದಲ್ಲಿದ್ದ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಎಂಜಿನಿಯರ್ ಇದಕ್ಕೆ ಕಂಡುಹಿಡಿದ ಮದ್ದು, ನಡುವೆ ಅಳತೆಯ ತೂತಿರುವ ಒಂದು ಪುಟ್ಟ ಲೋಹದ ತುಣುಕು. ಎಂಜಿನ್ನಿಗೆ ಬೇಕಾದಷ್ಟೇ ಪೆಟ್ರೋಲು ಅದರ ಮೂಲಕ ಹರಿಯುತ್ತಿತ್ತು. ಮೋಟಾರ್ ಸೈಕಲ್ ರೇಸಿನಲ್ಲೂ ಹೆಸರು ಮಾಡಿದ್ದ ಆಕೆ ತಮ್ಮ ತಂಡದೊಂದಿಗೆ ವಾಯುನೆಲೆಗಳನ್ನು ಸುತ್ತಿ ಅವನ್ನು ಕೂಡಿಸಿದರು. ಒಬ್ಬ ಹೆಣ್ಣುಮಗಳ ಲೆಕ್ಕಾಚಾರದಿಂದ ಎಷ್ಟೋ ಹುಡುಗರು ಜೀವಂತ ಮರಳಿದರು. ಅಭಿಮಾನಿಗಳು ಪ್ರೀತಿಸುವುದು ಇಂತಹ ಬುದ್ಧಿಯನ್ನು. ಅದನ್ನು ಕೊಲೆಯ ಮೋಹವೆಂದು ಕರೆಯಲು ನನಗೆ ಮನಸ್ಸು ಬಾರದು.

ಆರ್ 4118 ಎಂಬ ಸಂಖ್ಯೆ ಹೊತ್ತ ಒಂದು ಹರಿಕೇನಿನ ಕಥೆಯನ್ನು ಕಳೆದ ಲೇಖನ ಎರಡು ಸಾಲಿನಲ್ಲಿ ಮುಗಿಸಿತ್ತು, ಅದು ಇನ್ನೂ ವಿಸ್ತಾರವಾಗಿ ಬರಬೇಕಿತ್ತು. 1940ರಲ್ಲಿ ಬ್ರಿಟನ್ನಿನ ಆಕಾಶದಲ್ಲಿ 49 ಬಾರಿ ಕಾದಾಟಕ್ಕೆ ಏರಿದ ವಿಮಾನ ಅದು. 1943ರ ಕೊನೆಯಲ್ಲಿ ಹಡಗಿನಲ್ಲಿ ಭಾರತಕ್ಕೆ ಬಂತು, ಯುದ್ಧ ಮುಗಿದ ಮೇಲೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಕಾಲೇಜಿನ ಪಾಲಾಯಿತು. ವಿದ್ಯಾರ್ಥಿಗಳು ಅದನ್ನು ಮುಟ್ಟಿ ಕಲಿತರು. ಆಮೇಲೆ ಅದು ಬಯಲಿನಲ್ಲಿ ಬಿಸಿಲು ಮಳೆಗೆ ನಿಂತಿತು. ಹಳೆಯ ರೋಲ್ಸ್ ರಾಯ್ಸ್ ಕಾರುಗಳನ್ನು ಹುಡುಕಿಕೊಂಡು ಬಂದಿದ್ದ ಪೀಟರ್ ವಾಷರ್ ಎಂಬ ಇಂಗ್ಲಿಷರು 1982ರಲ್ಲಿ ಅದನ್ನು ಕಂಡರು. ಅದು ಅವರ ಕೈಸೇರಲು ಸುಮಾರು 20 ವರ್ಷ ಹಿಡಿಯಿತು. 2004ರ ಡಿಸೆಂಬರಿನಲ್ಲಿ ಅದು ಮತ್ತೆ ಹಾರಿತು. ಹರಿಕೇನಿನ ಹಿಂಭಾಗ ಲೋಹದ ಕೊಳವೆಗಳ ಮೇಲೆ ಮರದ ಚೌಕಟ್ಟು, ಅದರ ಮೇಲೆ ಬಿಗಿದ ಬಟ್ಟೆ. ಒಂದು ಮಳೆಗಾಲಕ್ಕೆ ಚಪ್ಪಲಿಗೂ ಪುಸ್ತಕಕ್ಕೂ ಬೂಸ್ಟು ಹಿಡಿಯುವ ನಾಡಿನವರಾದ ನಮಗೆ, ಅಷ್ಟು ದಶಕ ಹೊರಗೆ ನಿಂತ ಮರ ಮತ್ತು ಬಟ್ಟೆಯ ಗತಿ ಏನಾಗಿರುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಇದೇ ಹಾದಿಯಲ್ಲಿ ನಮ್ಮ ವಾಯುಪಡೆಯ ಹಳೆಯ ಟೆಂಪೆಸ್ಟ್‌ಗಳೂ ಇಂಗ್ಲೆಂಡಿಗೆ ಹೋದವು. ಎಚ್‌ಎ 586 ಎಂಬ ಭಾರತೀಯ ಸಂಖ್ಯೆ ಹೊತ್ತಿದ್ದ ಒಂದು ಟೆಂಪೆಸ್ಟ್ 2023ರ ಅಕ್ಟೋಬರಿನಲ್ಲಿ ಸೈವೆಲ್ ಎಂಬಲ್ಲಿ ಮರಳಿ ಆಕಾಶ ಕಂಡಿತು. ಅದರ ಸೆಂಟಾರಸ್ ಎಂಜಿನ್ನಿಗೆ ವೃತ್ತಾಕಾರದಲ್ಲಿ ಜೋಡಿಸಿದ 18 ಸಿಲಿಂಡರುಗಳು. ನಮಗೆ ಗುಜರಿಯಾದದ್ದು ಅವರಿಗೆ ಸಂಪತ್ತಾಯಿತು ಎಂದು ನನಗೆ ಅವರ ಮೇಲೆ ಸಿಟ್ಟಿಲ್ಲ. ಸಂಕಟವಿರುವುದು ನಮ್ಮ ಬಗ್ಗೆ. ಏಕೆಂದರೆ ಈ ವಿದ್ಯೆ ನಮಗೆ ಗೊತ್ತಿತ್ತು. ಯುದ್ಧ ಮುಗಿದಾಗ ಕಾನ್ಪುರದಲ್ಲಿ ಬಿಟ್ಟುಹೋದ ಲಿಬರೇಟರ್ ಬಾಂಬರ್‌ಗಳನ್ನು ಮತ್ತೆ ಹಾರಿಸಲಾಗದಂತೆ ಬೇಕೆಂದೇ ಜಜ್ಜಿಹಾಕಿದ್ದರು. ಅಂತಹ 40ಕ್ಕೂ ಹೆಚ್ಚು ವಿಮಾನಗಳನ್ನು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ರಿಪೇರಿ ಮಾಡಿತು. ಹಾರುವಷ್ಟು ಸರಿಮಾಡಿದ ಒಂದೊಂದನ್ನೂ ಕಾರ್ಖಾನೆಯ ಪೈಲಟ್ ಜಮ್ಷೇದ್ ಮುನ್ಷಿ ಕಾನ್ಪುರದಿಂದ ಬೆಂಗಳೂರಿಗೆ ತಂದರು. ನಾಲ್ಕು ಎಂಜಿನ್ನಿನ ಆ ದೈತ್ಯಗಳು 1968ರವರೆಗೆ ನಮ್ಮ ವಾಯುಪಡೆಯಲ್ಲಿ ದುಡಿದವು. ಇಂದು ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಮ್ಮಿನಲ್ಲಿರುವ ಲಿಬರೇಟರ್ ಇಲ್ಲಿಂದ ಹೋದದ್ದೇ. ಜಗತ್ತು ಇಂದು ಹವ್ಯಾಸವಾಗಿ ಮಾಡುತ್ತಿರುವ ಕೆಲಸವನ್ನು ನಮ್ಮ ಫಿಟ್ಟರು, ಟರ್ನರುಗಳು ಹೊಸ ದೇಶದ ಅಗತ್ಯಕ್ಕಾಗಿ ಮಾಡಿದ್ದರು.

ವಸ್ತುಸಂಗ್ರಹಾಲಯ ಸಾಲದೇ ಎಂದು ಕೇಳಿದ್ದೀರಿ. ಬೇಕು, ಖಂಡಿತ ಬೇಕು. ಆದರೆ ಯಕ್ಷಗಾನದ ಕಿರೀಟವನ್ನು ಗಾಜಿನ ಪೆಟ್ಟಿಗೆಯಲ್ಲಿ ನೋಡಿದವನು ಬಣ್ಣದ ವೇಷವನ್ನು ನೋಡಿದಂತಾಗುವುದಿಲ್ಲ. ಹಾರಬೇಕಾದ ವಿಮಾನಕ್ಕೆ ಬಿರುಕು ಬಿಟ್ಟ ಸಿಲಿಂಡರ್ ಬ್ಲಾಕನ್ನು ಹಾಗೇ ಬಿಡಲಾಗದು. ಅಚ್ಚು ಮಾಡಬೇಕು, ಎರಕ ಹೊಯ್ಯಬೇಕು, ಕೂದಲೆಳೆಯ ಅಳತೆಗೆ ಕಡೆಯಬೇಕು. ಮಾಚೇನಹಳ್ಳಿಯ ಎರಕದ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಓದುಗರಿಗೆ ಇದರ ಕಷ್ಟ ಚೆನ್ನಾಗಿ ಗೊತ್ತು. ನಿಂತ ವಿಮಾನಕ್ಕೆ ಬಣ್ಣ ಬಳಿದರೆ ಸಾಕು, ಆ ವಿದ್ಯೆ ಬಲ್ಲವರು ಬೇಕಿಲ್ಲ. ಹಾರಿಸುವ ಹಟವಿದ್ದರೆ ಮಾತ್ರ ಒಬ್ಬ ಹಳಬ ಒಬ್ಬ ಹೊಸಬನಿಗೆ ಕಲಿಸುತ್ತಾನೆ. ಈ ಪ್ರೀತಿಯನ್ನು ನಾನು ಎತ್ತಿಹಿಡಿಯುವುದು ಮುಖ್ಯವಾಗಿ ಈ ಕಾರಣಕ್ಕೆ.

ನಿಮ್ಮ ಒಂದು ಆಕ್ಷೇಪದ ಮುಂದೆ ಮಾತ್ರ ನನ್ನ ವಾದ ತೂಕ ಕಳೆದುಕೊಳ್ಳುತ್ತದೆ. 2024ರ ಮೇ 25ರಂದು ಇಂಗ್ಲೆಂಡಿನ ಕೋನಿಂಗ್ಸ್‌ಬಿಯ ಬಳಿ ಬ್ರಿಟಿಷ್ ವಾಯುಪಡೆಯ ಸ್ಮಾರಕ ದಳದ ಸ್ಪಿಟ್‌ಫೈರ್ ಬಿದ್ದು ಅದರ ಪೈಲಟ್ ತೀರಿಕೊಂಡರು. ಯಾವ ನಾದವೂ ಒಂದು ಪ್ರಾಣಕ್ಕೆ ಸಮವಲ್ಲ. ಹಾರಾಟ ಕಡಿಮೆಯಿರಲಿ, ಸರ್ಕಸ್ಸು ಬೇಡ, ಜನರ ತಲೆಯ ಮೇಲೆ ಬೇಡ ಎಂಬ ನಿಲುವು ನನ್ನದು. ಹಾಗೆಯೇ ಮತ್ತೊಂದು ಮಾತು: ಹಳೆಯ ವಿಮಾನದ ಗುರುತಿನ ತಗಡೊಂದನ್ನು ಇಟ್ಟುಕೊಂಡು ಸುತ್ತ ಎಲ್ಲವನ್ನೂ ಹೊಸದಾಗಿ ಕಟ್ಟಿದವರು ಅದನ್ನು ಬಾಯಿಬಿಟ್ಟು ಹೇಳಬೇಕು. ಹೊಸದಾಗಿ ಕಟ್ಟುವುದು ತಪ್ಪಲ್ಲ, ಹಳೆಯದೆಂದು ನಂಬಿಸುವುದು ತಪ್ಪು. ಖರ್ಚಿನ ವಿಷಯದಲ್ಲಿ ಹೆಚ್ಚು ಹೇಳಲಾರೆ, ಸಿರಿವಂತರು ತಮ್ಮ ಹಣವನ್ನು ಇದಕ್ಕಿಂತ ಕೆಟ್ಟ ಕೆಲಸಗಳಿಗೆ ಸುರಿಯುವುದನ್ನು ನೀವೂ ಕಂಡಿದ್ದೀರಿ.

ಪತ್ರದ ಅಂಚಿನಲ್ಲಿ ನಿಮ್ಮ ಮೊಮ್ಮಗನ ಬಗ್ಗೆ ಬರೆದಿದ್ದೀರಿ: ಡಿಪ್ಲೊಮಾ ಓದುವ ಹುಡುಗ ರಾತ್ರಿಯೆಲ್ಲ ಮೊಬೈಲಿನಲ್ಲಿ ಈ ಎಂಜಿನ್ನುಗಳ ಸದ್ದು ಕೇಳುತ್ತಾನೆ, ಗದರಿಸಬೇಕೇ ಎಂದು. ಬೇಡ ಮೇಷ್ಟ್ರೇ. ತೋಟದ ಹಳೆಯ ಡೀಸೆಲ್ ಪಂಪ್‌ಸೆಟ್ಟನ್ನು ಅವನ ಕೈಗೆ ಕೊಡಿ. ಬಿಚ್ಚಿ ಮತ್ತೆ ಕೂಡಿಸಲಿ. ರಜೆಯಲ್ಲಿ ಬೆಂಗಳೂರಿನ ಎಚ್‌ಎಎಲ್ ಪಾರಂಪರಿಕ ಕೇಂದ್ರಕ್ಕೆ ಕರೆದೊಯ್ಯಿರಿ. ಮುಂದೆ ದೆಹಲಿಗೆ ಹೋಗುವ ಸಂದರ್ಭ ಬಂದರೆ ಪಾಲಂನ ವಾಯುಪಡೆ ವಸ್ತುಸಂಗ್ರಹಾಲಯದಲ್ಲಿ ಸ್ಪಿಟ್‌ಫೈರ್ ಮತ್ತು ಟೆಂಪೆಸ್ಟ್ ಎರಡನ್ನೂ ನೋಡಲಿ.

ಉಳಿದ ಓದುಗರಲ್ಲಿ ಒಂದು ಕೋರಿಕೆ. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದ ಮೇಲೆ ಮಲೆನಾಡಿನಿಂದ ಅಲ್ಲಿಗೆ ಕೆಲಸಕ್ಕೆ ಹೋದ ಹಿರಿಯರು ನಿಮ್ಮ ಮನೆತನದಲ್ಲಿ ಇದ್ದರೆ, ಅವರ ಫೋಟೊ, ಗುರುತಿನ ಚೀಟಿ, ದಿನಚರಿ, ಏನಿದ್ದರೂ ನಮಗೆ ತಿಳಿಸಿ. ಮೂಲ ಕಾಗದಗಳನ್ನು ಅಂಚೆಗೆ ಹಾಕಬೇಡಿ, ಪ್ರತಿ ಮಾಡಿ ಕಳುಹಿಸಿದರೆ ಸಾಕು. ಬಂದುದನ್ನೆಲ್ಲ ಓದಿ, ಮುಂದಿನ ಸಂಚಿಕೆಗಳಲ್ಲಿ ಹೆಸರು ಸಹಿತ ಪ್ರಕಟಿಸುತ್ತೇವೆ.

— ಸಂಪಾದಕ