ಎರೆಮಣ್ಣಿನ ಅಂಗಳಕ್ಕೆ ಯಾವ ಡ್ಯಾಫೊಡಿಲ್?

ಪ್ರಶ್ನೆ: ಅಕ್ಕಾ, ನಾವಿರುವುದು ಅಮೆರಿಕದ ಡಲ್ಲಾಸ್ ಪಕ್ಕದ ಪ್ಲೇನೊದಲ್ಲಿ. ಮನೆ ಮುಂದಿನ ಹುಲ್ಲಿನಲ್ಲಿ ನೆಟ್ಟ ‘ಕಿಂಗ್ ಆಲ್ಫ್ರೆಡ್’ ಡ್ಯಾಫೊಡಿಲ್ ಮೊದಲ ವರ್ಷ ಚೆನ್ನಾಗಿ ಹೂಬಿಟ್ಟಿತು, ಈ ವರ್ಷ ಬರೀ ಎಲೆ. ಪ್ರತಿವರ್ಷ ಹೂ ಕೊಡುವ ತಳಿ ಯಾವುದು? ನವಲಗುಂದದಲ್ಲಿರುವ ಅಮ್ಮನಿಗೂ ನಾಲ್ಕು ಗಡ್ಡೆ ಒಯ್ಯಬಹುದೇ?
– ಓದುಗರೊಬ್ಬರು, ಪ್ಲೇನೊ

ಉತ್ತರ: ಮೊದಲ ವರ್ಷದ ಮೊಗ್ಗು ನೀವು ಕೊಳ್ಳುವಾಗಲೇ ಗಡ್ಡೆಯೊಳಗೆ ಸಿದ್ಧವಾಗಿತ್ತು. ಎರಡನೆಯ ವರ್ಷದ ಹೂವನ್ನು ನಿಮ್ಮ ನೆಲವೇ ಕೊಡಬೇಕು. ಅಲ್ಲಿ ಬಿಸಿಲು ಬೇಗ ಏರಿ ಎಲೆ ಒಣಗುವುದರಿಂದ ‘ಕಿಂಗ್ ಆಲ್ಫ್ರೆಡ್’ನಂತಹ ದೊಡ್ಡ ತುತ್ತೂರಿ ಹೂವಿನ ತಳಿಗಳ ಗಡ್ಡೆ ಬಲಿಯುವುದೇ ಇಲ್ಲ. ಮೇಲೆ ಬೇಸಿಗೆಯಿಡೀ ಹುಲ್ಲಿಗೆ ಬಿಡುವ ನೀರು ಬೇರೆ. ಪ್ಲೇನೊದ ಮಣ್ಣು ನಿಮ್ಮ ನವಲಗುಂದದ ಎರೆಯ ಜಾತಿಯದೇ. ಒಣಗಿದರೆ ಬಿರಿಯುತ್ತದೆ, ನೆನೆದರೆ ಅಂಟುತ್ತದೆ. ಆ ಬೆಚ್ಚನೆಯ ಕೆಸರಿನಲ್ಲಿ ಗಡ್ಡೆ ಕೊಳೆಯದೆ ಇನ್ನೇನು?

ಪೊಟ್ಟಣದ ಮೇಲಿನ ಚಿತ್ರ ನೋಡಿ ಕೊಳ್ಳಬೇಡಿ. 1899ರ ಆ ‘ಕಿಂಗ್ ಆಲ್ಫ್ರೆಡ್’ ಹೆಸರಿನಲ್ಲಿ ಇಂದು ಮಾರಾಟವಾಗುವುದು ಬಹುಪಾಲು ಬೇರೆ ತಳಿಗಳೇ.

ನಾನು ಮೊದಲು ಹೇಳುವುದು ‘ಕ್ಯಾಂಪರ್ನೆಲ್’. ಒಂದೇ ದಂಟಿನಲ್ಲಿ ಎರಡು ಮೂರು ಅಚ್ಚ ಹಳದಿ ಹೂ, ಜೊಂಡಿನಂತಹ ತೆಳು ಎಲೆ, ಬಾಗಿಲವರೆಗೂ ಬರುವ ಸುವಾಸನೆ. ಟೆಕ್ಸಾಸಿನ ಹಳೆಯ ತೋಟದ ಮನೆಗಳು ಬಿದ್ದುಹೋದ ಜಾಗದಲ್ಲೂ ಇದು ಯಾರ ಆರೈಕೆಯೂ ಇಲ್ಲದೆ ಅರಳುತ್ತದೆ. ಅದಕ್ಕಿಂತ ದೊಡ್ಡ ಶಿಫಾರಸು ಬೇಕಿಲ್ಲ. ನೀರು ನಿಲ್ಲುವ ಮೂಲೆಯಿದ್ದರೆ ‘ಗ್ರ್ಯಾಂಡ್ ಪ್ರೀಮೊ’ ಹಾಕಿ. ಗೊಂಚಲು ಗೊಂಚಲು ಕೆನೆಬಣ್ಣದ ಹೂ, ಜಿಗುಟು ಮಣ್ಣಿಗೂ ಬಗ್ಗದ ಗಡ್ಡೆ. ದೊಡ್ಡ ಹೂವೇ ಬೇಕೆಂದರೆ ‘ಕಾರ್ಲ್‌ಟನ್’, ‘ಐಸ್ ಫಾಲೀಸ್’ ಸಾಕು. ತಡವಾಗಿ ಅರಳುವ ಜೋಡಿ ಎಸಳಿನವು ಬೇಡ. ಬಿಸಿಗೆ ಮೊಗ್ಗಿನಲ್ಲೇ ಕರಟುತ್ತವೆ.

ಹುಲ್ಲನ್ನು ಬಿಟ್ಟು, ಚಳಿಗಾಲದಲ್ಲಿ ಎಲೆ ಉದುರಿಸುವ ಓಕ್ ಅಥವಾ ಪೆಕಾನ್ ಮರದಡಿ ತುಸು ಎತ್ತರದ ಪಾತಿ ಮಾಡಿ. ಎಲೆಗೆ ಬೇಕಾದಾಗ ಬಿಸಿಲು, ಗಡ್ಡೆ ಮಲಗಿದಾಗ ನೆರಳು ಎರಡೂ ಅಲ್ಲಿ ಸಿಗುತ್ತವೆ. ನೆಲ ತಣ್ಣಗಾದ ನವೆಂಬರಿನಲ್ಲಿ, ಗಡ್ಡೆಯ ಎತ್ತರದ ಮೂರರಷ್ಟು ಆಳದಲ್ಲಿ ನೆಡಿ. ಹೂ ಬಾಡಿದ ಮೇಲೆ ಆರು ವಾರವಾದರೂ ಎಲೆ ಕತ್ತರಿಸಬೇಡಿ, ಜಡೆ ಹೆಣೆಯಲೂ ಬೇಡಿ. ಮುಂದಿನ ವರ್ಷದ ಹೂವಿಗೆ ಅಡುಗೆ ನಡೆಯುವುದು ಆ ಎಲೆಯಲ್ಲೇ. ನೆಡುವವರೆಗೆ ಗಡ್ಡೆಗಳನ್ನು ಈರುಳ್ಳಿ ಬುಟ್ಟಿಯಿಂದ ದೂರವಿಡಿ. ನೋಡಲು ಒಂದೇ ಥರ, ಆದರೆ ಇದು ವಿಷ, ಮಕ್ಕಳಿಗೂ ಹೇಳಿಡಿ.

ನವಲಗುಂದಕ್ಕೆ ಬೇಡ. ಹೆಚ್ಚಿನ ತಳಿಗಳಿಗೆ ಸುಮಾರು 12 ವಾರ 9 ಡಿಗ್ರಿಗಿಂತ ಕಡಿಮೆ ತಂಪು ಬೇಕು, ಅಲ್ಲಿ ಎಲ್ಲಿಂದ ತರುವುದು? ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರದ ರಗಳೆಯೂ ಇದೆ. ಅಮ್ಮನಿಗೆ ಅಲ್ಲೇ ಸುಗಂಧರಾಜದ ಗಡ್ಡೆ ಕೊಡಿಸಿ. ಡ್ಯಾಫೊಡಿಲ್‌ನ ಕುಟುಂಬದ್ದೇ ಬೇಕೆಂದರೆ ಮಳೆ ಲಿಲ್ಲಿ ಇದೆ, ಮೊದಲ ಮಳೆಗಳಿಗೇ ಅರಳುತ್ತದೆ.